ಸರ್ವರ್ ಇಲ್ಲ, ನಾಳೆ ಬನ್ನಿ

2030 ಬರಲಿಕ್ಕೆ ಇನ್ನೂ ಟೈಮ್ ಇದೆ ಅಂದುಕೊಂಡಿದ್ದೀರಾ? ಹಾಸನಕ್ಕೆ ಅದು ಬಂದಾಗಿದೆ.

ವಿಷಯ ಏನಪ್ಪಾ ಅಂದ್ರೆ, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಒಂದು ಭವಿಷ್ಯ ನುಡಿದಿದ್ದರು. ನೂರು ವರ್ಷ ಕಳೆಯಲಿ, ಮುಂದುವರಿದ ದೇಶಗಳಲ್ಲಿ ಬದುಕಿನ ಮಟ್ಟ ನಾಲ್ಕರಿಂದ ಎಂಟು ಪಟ್ಟು ಮೇಲೇರಿರುತ್ತದೆ. ಆಮೇಲೆ ದಿನಕ್ಕೆ ಮೂರು ಗಂಟೆ, ವಾರಕ್ಕೆ 15 ಗಂಟೆ ದುಡಿದರೆ ಸಾಕು ಅಂತ. ಆ ದೇಶಗಳು ಇನ್ನೂ ಒದ್ದಾಡುತ್ತಿವೆ. ನಾವು ಮುಟ್ಟಿಬಿಟ್ಟೆವು.

ಮೊನ್ನೆ ಒಂದು ಕಾಗದಕ್ಕೆ ಅಂತ ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಹತ್ತೂವರೆಗೆ ಕುರ್ಚಿ ಇತ್ತು, ಕುರ್ಚಿಯ ಬೆನ್ನಿಗೆ ಟವೆಲ್ ಇತ್ತು. ಹನ್ನೊಂದೂವರೆಗೆ ಸಾಹೇಬರೂ ಬಂದರು. ಕಂಪ್ಯೂಟರ್ ಗುಂಡಿ ಒತ್ತಿದರು. "ಸರ್ವರ್ ಇಲ್ಲ" ಅಂದರು. ಕಾಫಿಗೆ ಎದ್ದರು. ಬಂದು ಫೋನ್ ನೋಡಿದರು. ಲೆಕ್ಕ ಹಾಕಿದೆ, ಧಾರಾಳವಾಗಿ ಹಾಕಿದರೂ ದಿನಕ್ಕೆ ಮೂರು ಗಂಟೆ ದಾಟುವುದಿಲ್ಲ. ಐದು ದಿನಕ್ಕೆ 15. ಶನಿವಾರ ಬಿಡಿ, ಅದು ಲೆಕ್ಕಕ್ಕಿಲ್ಲ.

ಕೇನ್ಸ್ ತಪ್ಪಿದ್ದು ಒಂದೇ ಕಡೆ. ಯಂತ್ರ ದುಡಿಯುತ್ತೆ, ಮನುಷ್ಯ ಸುಧಾರಿಸಿಕೊಳ್ಳುತ್ತಾನೆ ಅಂದುಕೊಂಡರು. ನಮ್ಮಲ್ಲಿ ಯಂತ್ರವೇ ಮೊದಲು ರಜೆ ಹಾಕುತ್ತದೆ. ಅವರಿಗೆ ಕಚೇರಿ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 1906ರಿಂದ 1908ರವರೆಗೆ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ, ನಮ್ಮ ದೇಶದ ಫೈಲುಗಳ ನಡುವೆಯೇ ಕೂತಿದ್ದವರು. ಬೇಜಾರಾಗಿ ಕೆಲಸ ಬಿಟ್ಟು ಹೋದರು. 15 ಗಂಟೆಯ ಐಡಿಯಾ ಅಲ್ಲೇ ಹೊಳೆದಿತ್ತೋ ಏನೋ!

ಇನ್ನು ಆ ನಾಲ್ಕರಿಂದ ಎಂಟು ಪಟ್ಟು. ಮಾಮೂಲಿಯ ದರ ಅಷ್ಟೇ ಏರಿದೆ. ನಗದು ಮಾತ್ರ ಮುಟ್ಟುವುದಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಬೇಕು. ಎರಡು ಪುಟದ ಜೆರಾಕ್ಸ್‌ಗೆ ಎರಡು ಸಾವಿರ. ಡಿಜಿಟಲ್ ಆರ್ಥಿಕತೆ ಅಂದರೆ ಸುಮ್ನೆನಾ?

ಬೆಂಚಿನಲ್ಲಿ ಪಕ್ಕಕ್ಕೆ ಗೊರೂರು ಕಡೆಯ ಆಲೂಗಡ್ಡೆ ಬೆಳೆಗಾರರೊಬ್ಬರು ಕೂತಿದ್ದರು. ಮಳೆ ಬಿದ್ದಿದೆ, ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆ ಮನೆಯಲ್ಲಿ ಮೊಳಕೆ ಒಡೆದಿದೆ, ಸಾಲಕ್ಕೆ ಈ ಕಾಗದ ಬೇಕು. ಹೊತ್ತು ಹೋಗಲಿ ಅಂತ ಅವರಿಗೂ ಕೇನ್ಸ್ ಕಥೆ ಹೇಳಿದೆ.

"ನಂದೂ ವಾರಕ್ಕೆ ಹದಿನೈದು ಗಂಟೆಯೇ ಸ್ವಾಮಿ," ಅಂದರು. "ಇಲ್ಲಿ, ಈ ಬೆಂಚಿನ ಮೇಲೆ. ಹೊಲದ್ದು ಬೇರೆ."

ಅಷ್ಟರಲ್ಲಿ ಸರ್ವರ್ ಬಂತು. ಸಾಹೇಬರು ಊಟಕ್ಕೆ ಹೊರಟಿದ್ದರು.