ಟಾರ್ಗೆಟ್ ಮುಟ್ಟಿದ್ದು ಹೇಗೆ ಅಂತಾನೂ ನೋಡಬೇಕಲ್ವಾ?

ಎಲೆಕ್ಟ್ರಿಕ್ ಕಾರು ಮಾಡುವ ಟೆಸ್ಲಾ ಕಂಪನಿಯ ಷೇರು ಕೊಳ್ಳುವವರು ಎಷ್ಟು ಕಾರು ತಯಾರಾಯಿತು ಅನ್ನುವುದನ್ನಷ್ಟೇ ನೋಡಬೇಕು, ಸರಿ-ತಪ್ಪಿನ ಯೋಚನೆ ಮನೆಯಲ್ಲೇ ಬಿಟ್ಟು ಬರಬೇಕು ಎಂದು ಬರೆದಿದ್ದೀರಿ ಸರ್. ನನಗೆ ಇದು ಒಪ್ಪಿಗೆಯಾಗಲಿಲ್ಲ.

2017ರ ಕೊನೆಗೆ ವಾರಕ್ಕೆ 5,000 ಮಾಡೆಲ್ 3 ಕಾರು ತಯಾರಿಸುತ್ತೇವೆ ಎಂದು ಟೆಸ್ಲಾದವರು ಹೇಳಿದ್ದರು. ಆ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಮೂರು ತಿಂಗಳಲ್ಲಿ ಆಗಿದ್ದು ಬರೀ 260. ಕೊನೆಗೆ 5,000 ಮುಟ್ಟಿದ್ದು 2018ರ ಜೂನ್ ಕೊನೆಯ ವಾರ. ಅದೂ ಅಮೆರಿಕದ ಫ್ರೀಮಾಂಟ್‌ನಲ್ಲಿರುವ ತಮ್ಮ ಕಾರ್ಖಾನೆಯ ಹೊರಗೆ ದೊಡ್ಡ ಟೆಂಟ್ ಹಾಕಿ, ಒಳಗೆ ಇನ್ನೊಂದು ಅಸೆಂಬ್ಲಿ ಲೈನ್ ಕೂರಿಸಿ.

ನಾನೂ ಲೈನ್‌ನಲ್ಲಿ ಏಳು ವರ್ಷ ದುಡಿದವನು, ಬೇರೆ ಕಂಪನಿಯಲ್ಲಿ. ತಿಂಗಳ ಕೊನೆ ಬಂದರೆ ಡಬ್ಬಿಯ ಅನ್ನ ಹಾಗೇ ಮನೆಗೆ ವಾಪಸ್ ಹೋಗುತ್ತಿತ್ತು. ರಾತ್ರಿ ಚಪಾತಿ ಮುರಿಯಲು ಹೋದರೆ ಬೆರಳು ಮಡಚುತ್ತಿರಲಿಲ್ಲ. ಟಾರ್ಗೆಟ್ ಅಂದ ತಕ್ಷಣ ನನಗೆ ನೆನಪಾಗುವುದು ಅದೇ.

ಸ್ವೀಡನ್‌ನಲ್ಲಿ ಟೆಸ್ಲಾ ಮೆಕ್ಯಾನಿಕ್‌ಗಳು 2023ರ ಅಕ್ಟೋಬರ್‌ನಲ್ಲಿ ಮುಷ್ಕರಕ್ಕೆ ಇಳಿದರು. ಕೇಳಿದ್ದು ಯೂನಿಯನ್ ಜೊತೆ ಒಂದು ಒಪ್ಪಂದ, ಅಷ್ಟೇ. ಕಂಪನಿ ಸಹಿ ಹಾಕಲಿಲ್ಲ. ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನ ಪೆನ್ಷನ್‌ಡಾನ್‌ಮಾರ್ಕ್ ನಿಧಿ ಇದೇ ಕಾರಣಕ್ಕೆ ತನ್ನ ಟೆಸ್ಲಾ ಷೇರು ಮಾರುವುದಾಗಿ ಹೇಳಿತು. ಅದು ದುಡಿಯುವ ಜನರ ಪಿಂಚಣಿ ದುಡ್ಡು. ಅವರು ಬೇರೆ ಏನು ಮಾಡಬೇಕಿತ್ತು, ಹೇಳಿ?

ಪೆಟ್ರೋಲ್ ಹೊಗೆ ಕಡಿಮೆಯಾಗಲಿ ಅಂತ ಈ ಷೇರು ಇಟ್ಟುಕೊಂಡವರೂ ಬಹಳ ಜನ ಇದ್ದಾರೆ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಅವರೂ ಬರೀ ಲೆಕ್ಕ ನೋಡಿ ಕೊಂಡವರಲ್ಲ, ಅಲ್ವಾ?