ವಿನೆಗರ್ ಸ್ನಾನ ಬೇಡ

.22 ಬಂದೂಕಿನ ಸಪ್ರೆಸರ್ (ಸದ್ದು ಕುಗ್ಗಿಸುವ ಕೊಳವೆ) ಸ್ವಚ್ಛ ಮಾಡೋ ಬಗ್ಗೆ ಒಂದು ಲೇಖನ ಓದಿದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಮ ಬೆರೆಸಿ, ಅದರೊಳಗಿನ ಬ್ಯಾಫಲ್‌ಗಳನ್ನು (ಅನಿಲ ತಡೆಯುವ ಬಿಲ್ಲೆಗಳನ್ನು) ನೆನೆಹಾಕಿ, ಸೀಸ ತಾನಾಗೇ ಬಿಡುತ್ತೆ ಅಂತ ಅದರಲ್ಲಿದೆ. ಬಿಡುತ್ತದೆ, ನಿಜ. ಆದರೆ ಕೊನೆಗೆ ಡಬ್ಬಿಯಲ್ಲಿ ಉಳಿಯೋದು ಕರಗಿದ ಸೀಸದ ಅಸಿಟೇಟ್. ಅಪ್ಪಟ ವಿಷ, ಚರ್ಮದ ಮೂಲಕವೂ ಮೈ ಸೇರುತ್ತದೆ. ಸಿಂಕಿಗೆ ಸುರಿಯುವ ಹಾಗೂ ಇಲ್ಲ. ಬ್ಯಾಫಲ್ ಅಲ್ಯೂಮಿನಿಯಂದಾದರೆ ಈ ಮಿಶ್ರಣ ಲೋಹವನ್ನೇ ತಿಂದುಬಿಡುತ್ತದೆ. ಇದನ್ನು ಲೇಖನ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು ಅಲ್ವಾ?

.22 ಗುಂಡು ಹೆಚ್ಚಾಗಿ ಬರಿ ಸೀಸ, ಇಲ್ಲವೇ ಮೇಲೊಂದು ತೆಳು ತಾಮ್ರದ ಲೇಪ. ಜೊತೆಗೆ ಮಸಿಯೂ ಮೇಣವೂ ಸೇರಿ ಒಳಗೆ ಗಟ್ಟಿಯಾಗಿ ಕೂರುತ್ತವೆ. ನಾನು ಒಮ್ಮೆ ಸೋಮಾರಿತನದಿಂದ ಸಾವಿರಾರು ಗುಂಡು ಹೊಡೆದ ಮೇಲೆ ಬಿಚ್ಚಲು ಹೋದೆ. ಬ್ಯಾಫಲ್‌ಗಳು ಕೊಳವೆಗೆ ಅಂಟಿಕೊಂಡು, ಮರದ ಕಡ್ಡಿ ಇಟ್ಟು ತಟ್ಟಿ ತಟ್ಟಿ ಹೊರಗೆ ತೆಗೆಯೋಷ್ಟರಲ್ಲಿ ಸಂಜೆಯಾಯಿತು. ಈಗ ಕೆಲವು ನೂರು ಗುಂಡಿಗೊಮ್ಮೆ ಬಿಚ್ಚುತ್ತೇನೆ. ಕೈಗವಸು ಹಾಕಿ, ಸಾಲ್ವೆಂಟ್‌ನಲ್ಲಿ (ಬಂದೂಕಿನ ಕೊಳೆ ಸಡಿಲಿಸುವ ದ್ರವ) ನೆನೆಸಿ, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜುತ್ತೇನೆ. ಒಣಗಿದ್ದನ್ನು ಕೆರೆದರೆ ಸೀಸದ ಪುಡಿ ಸೀದಾ ಮೂಗಿಗೆ. ಹೊಳೆಯೋ ತನಕ ಉಜ್ಜಬೇಕಿಲ್ಲ, ಸುಮ್ನೆ ಶ್ರಮ ಜಾಸ್ತಿ. ಬಿಚ್ಚುವ ಮೊದಲು ಬ್ಯಾಫಲ್‌ಗಳ ಕ್ರಮದ ಫೋಟೊ ತೆಗೆದಿಟ್ಟುಕೊಳ್ಳಿ.