ಮಾವನ ಟ್ರಂಕಿನ ಹಾರುವ ತಟ್ಟೆಗಳು: ಉಳಿಸಬೇಕೋ, ಬಿಡಬೇಕೋ?

ಆಂಡರ್ಸನ್‌ಪೇಟೆಯ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಯಿತು. ಅದರ ತುಂಬ ಕ್ಯಾಸೆಟ್. ಮಾವ ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಟೇಪ್ ರೆಕಾರ್ಡರ್ ಹುಚ್ಚು ಬೇರೆ. ಅರ್ಧ ಕ್ಯಾಸೆಟ್‌ಗಳಲ್ಲಿ ಬರೀ ಹಾರುವ ತಟ್ಟೆ: ಶಾರ್ಟ್‌ವೇವ್ ರೇಡಿಯೋದಲ್ಲಿ ಬಂದ ಕಾರ್ಯಕ್ರಮಗಳು, ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಗುಡ್ಡ) ಮೇಲೆ ಬೆಳಕು ಕಂಡೆ ಎಂದವರ ಮಾತು. ಇನ್ನರ್ಧದಲ್ಲಿ ಗಣಿ ಗೆಳೆಯರ ಹರಟೆ, ಭಜನೆ, ಮದುವೆ. ಇವನ್ನು ಕಂಪ್ಯೂಟರಿಗೆ ಇಳಿಸಲು ಓಡುವ ಡೆಕ್, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರ, ಇರುವುದು ಒಂದೇ. ತಟ್ಟೆ ಕ್ಯಾಸೆಟ್‌ಗಳನ್ನು ಉಳಿಸಬೇಕೇ ಎಂದು ಮನೆಯಲ್ಲೇ ಜಗಳ. ಪರವಾಗಿ ನಾನು ಬರೆದಿದ್ದೇನೆ, ವಿರೋಧವಾಗಿ ತಂಗಿ.

ಪರ

ಮೊದಲೇ ಹೇಳಿಬಿಡುತ್ತೇನೆ. ಬೇರೆ ಗ್ರಹದವರು ಬಂದರು ಎಂದು ನಾನು ನಂಬಿಲ್ಲ. ಮಾವ ನಂಬಿದ್ದರು, ಪಾಪ. ಆದರೂ ಆ ಟೇಪುಗಳು ಉಳಿಯಬೇಕು.

ಯಾಕೆ ಅಂದರೆ, ಟೇಪು ನಂಬಿದವನಿಗೆ ಎಷ್ಟು ಬೇಕೋ ನಂಬದವನಿಗೂ ಅಷ್ಟೇ ಬೇಕು. 1980ರ ಡಿಸೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ ರೆಂಡಲ್‌ಶಮ್ ಎಂಬ ಕಾಡಿಗೆ ಪಕ್ಕದ ನೆಲೆಯಲ್ಲಿದ್ದ ಅಮೆರಿಕದ ವಾಯುಪಡೆಯವರು ರಾತ್ರಿ ಹೊತ್ತು ನುಗ್ಗಿದರು. ಏನೋ ಬೆಳಕು ಕಾಣುತ್ತಿದೆ ಎಂದು ದೂರು. ನೆಲೆಯ ಉಪ ಕಮಾಂಡರ್ ಚಾರ್ಲ್ಸ್ ಹಾಲ್ಟ್ ಅವರ ಕೈಯಲ್ಲಿ ಒಂದು ಪುಟ್ಟ ರೆಕಾರ್ಡರ್ ಇತ್ತು. ನಡೆಯುತ್ತಾ, ಏದುಸಿರು ಬಿಡುತ್ತಾ, ಕಂಡದ್ದನ್ನೆಲ್ಲ ಅದಕ್ಕೆ ಹೇಳುತ್ತಾ ಹೋದರು. ಒಟ್ಟು ಸುಮಾರು 18 ನಿಮಿಷ. ‘ಅಗೋ, ಮತ್ತೆ ಬಂತು’ ಎಂಬಂಥ ಉದ್ಗಾರಗಳು ಅದರಲ್ಲಿವೆ. ಆಮೇಲೆ ಖಗೋಳ ಲೇಖಕ ಇಯಾನ್ ರಿಡ್‌ಪಾತ್ ಆ ಉದ್ಗಾರಗಳ ನಡುವಿನ ಅಂತರವನ್ನು ಲೆಕ್ಕ ಹಾಕಿದರು. ಐದು ಸೆಕೆಂಡು. ಅದೇ ದಿಕ್ಕಿನಲ್ಲಿದ್ದ ಆರ್ಫರ್ಡ್‌ನೆಸ್ ದೀಪಸ್ತಂಭ ಮಿನುಗುತ್ತಿದ್ದುದೂ ಐದು ಸೆಕೆಂಡಿಗೊಮ್ಮೆ! ಹಾಲ್ಟ್ ಇದನ್ನು ಒಪ್ಪಲಿಲ್ಲ. ಸರಿ, ಒಪ್ಪದಿರಲಿ. ಬರೆದ ವರದಿಯಲ್ಲಿ ಆ ಐದು ಸೆಕೆಂಡು ಎಲ್ಲಿರುತ್ತಿತ್ತು ಹೇಳಿ? ಆ ದೀಪವನ್ನು 2013ರಲ್ಲಿ ಆರಿಸಿದರು. 2020ರಲ್ಲಿ ಸ್ತಂಭವನ್ನೂ ಕೆಡವಿದರು. ಈಗ ಉಳಿದಿರುವುದು ಟೇಪು.

‘ಹಾರುವ ತಟ್ಟೆ’ ಎಂಬ ಮಾತು ಹುಟ್ಟಿದ್ದೂ ಹೀಗೇ ಒಂದು ಕಥೆ. 1947ರ ಜೂನ್ 24ರಂದು ಪೈಲಟ್ ಕೆನೆತ್ ಆರ್ನಾಲ್ಡ್ ಅಮೆರಿಕದ ರೇನಿಯರ್ ಪರ್ವತದ ಬಳಿ ಒಂಬತ್ತು ವಸ್ತುಗಳನ್ನು ಕಂಡೆ ಎಂದರು. ಪತ್ರಿಕೆಗಳು ಅದನ್ನು ತಟ್ಟೆ ಮಾಡಿದವು. ಅಲ್ಲಿನ ಪೆಂಡಲ್ಟನ್ ಊರಿನ ರೇಡಿಯೋದಲ್ಲಿ ಅವರು ಆಗಲೇ ಆಡಿದ ಮಾತು ಉಳಿದಿದೆ. ಅದರಲ್ಲಿ ಅವರು ಹೇಳುವುದು ಅರ್ಧಕ್ಕೆ ಕತ್ತರಿಸಿದ ತಟ್ಟೆಯಂಥ, ಹಿಂಬದಿ ತ್ರಿಕೋನವಾಗಿರುವ ಆಕಾರವನ್ನು. ಗುಂಡನೆಯ ತಟ್ಟೆ ಆಮೇಲೆ ಬಂದದ್ದು. ಆ ದನಿ ಕಳೆದಿದ್ದರೆ ಪತ್ರಿಕೆಯವರ ತಟ್ಟೆಯೇ ಗತಿಯಾಗುತ್ತಿತ್ತು.

ಇನ್ನು ನಮ್ಮೂರಿನದೇ ಉದಾಹರಣೆ. ಕೆಜಿಎಫ್ ಎಂದರೆ ಚಿನ್ನ ಮಾತ್ರ ಎಂದುಕೊಂಡವರೇ ಜಾಸ್ತಿ. ಇದೇ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು, ಅಂದರೆ ಯಾವುದಕ್ಕೂ ತಾಗದೆ ಹಾದುಹೋಗುವಂಥ ಅತಿಸೂಕ್ಷ್ಮ ಕಣಗಳನ್ನು, ಪತ್ತೆ ಮಾಡಿದರು. ಮುಂದೆ ಅದೇ ಆಳದ ಉಪಕರಣಗಳಲ್ಲಿ ಯಾವ ಲೆಕ್ಕಕ್ಕೂ ಸಿಗದ ಕೆಲವು ಗುರುತುಗಳು ಬಿದ್ದವು. 1975ರಲ್ಲಿ ಅವನ್ನು ಪ್ರಕಟಿಸಿದರು. ‘ಕೋಲಾರ್ ಈವೆಂಟ್ಸ್’ ಎಂದೇ ಅವಕ್ಕೆ ಹೆಸರು. ಬೇರೆ ಕಡೆ ಹುಡುಕಿದರೆ ಸಿಗಲಿಲ್ಲ. ಆದರೂ ಯಾರೂ ದಾಖಲೆಯನ್ನು ಹರಿದುಹಾಕಲಿಲ್ಲ. ಸುಮಾರು ನಲವತ್ತು ವರ್ಷ ಆದಮೇಲೆ ಇದು ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಎಂಬ ದ್ರವ್ಯ ಇರಬಹುದೇ ಎಂದು ಭೌತವಿಜ್ಞಾನಿಗಳು ಮತ್ತೆ ಕಡತ ತೆರೆದರು. ಗುರುತಿಸಲಾಗದ್ದನ್ನು ಸುಮ್ನೆ ಎತ್ತಿಡುವುದು ಕೋಲಾರದವರಿಗೆ ಹೊಸದೇನಲ್ಲ.

ಕೊನೆಗೊಂದು ಸಣ್ಣ ವಿಷಯ. ಪಕ್ಕದ ಮನೆಸಾಲಿನ ಅಜ್ಜಿ ಬೆಳಕಿನ ಕಥೆ ಹೇಳುವ ಕ್ಯಾಸೆಟ್‌ನಲ್ಲಿ, ಮಾತಿನ ಮಧ್ಯೆ ಗಣಿಯ ಸೈರನ್ ಕೂಗುತ್ತದೆ. ಅಜ್ಜಿ ಮಾತು ನಿಲ್ಲಿಸಿ, ಅದು ಮುಗಿಯುವವರೆಗೆ ಕಾದು, ಮತ್ತೆ ಶುರು ಮಾಡುತ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಕಾಯುವಿಕೆ ನನಗೆ ಬೇರೆಲ್ಲೂ ಸಿಗುವುದಿಲ್ಲ.

ವಿರೋಧ

ಅಣ್ಣ ಚೆನ್ನಾಗಿ ಬರೆದಿದ್ದಾನೆ. ಕ್ಯಾಸೆಟ್ ಹಾಕಿ, ತೆಗೆದು, ಹೆಡ್ ಒರೆಸಿ, ಬೂಷ್ಟು ಹಿಡಿದ ರೀಲನ್ನು ಬೇರೆ ಚಿಪ್ಪಿಗೆ ಸೇರಿಸುವವಳು ಮಾತ್ರ ನಾನು.

ಲೆಕ್ಕ ಹೇಳುತ್ತೇನೆ. ಸಿ-90 ಕ್ಯಾಸೆಟ್ ಎಂದರೆ ಒಂದು ಬದಿಗೆ 45 ನಿಮಿಷ. ಬೇಗ ಓಡಿಸಿ ಮುಗಿಸುವ ಹಾಗಿಲ್ಲ, ಅಷ್ಟು ಹೊತ್ತು ಕೂತು ಕೇಳಲೇಬೇಕು. ಕಂಪ್ಯೂಟರಿನಲ್ಲಿ ಜಾಗದ ಚಿಂತೆ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋ ಹಾಕಿದರೂ ಗಂಟೆಗೆ ಸುಮಾರು 1 ಜಿಬಿ. ಮುಗಿಯುವುದು ಡೆಕ್‌ನ ಆಯಸ್ಸು. ಬೆಲ್ಟ್ ಹಿಗ್ಗುತ್ತದೆ, ಹೆಡ್ ಸವೆಯುತ್ತದೆ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಬೇಕು. ಟೇಪು ಓದುವ ಯಂತ್ರಗಳು 2025ರ ಹೊತ್ತಿಗೆ ಸಿಗುವುದೇ ಕಷ್ಟವಾಗುತ್ತದೆ ಎಂದು ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದವರು ಸೇರಿ ಎಚ್ಚರಿಸಿದ್ದರು. ಆ ವರ್ಷವೂ ಬಂತು. ಹಾಗಿರುವಾಗ ‘ಎಲ್ಲವನ್ನೂ ಉಳಿಸೋಣ’ ಎನ್ನುವುದು ಕೆಲಸ ಮಾಡದವರ ಮಾತು.

ತಟ್ಟೆ ಕ್ಯಾಸೆಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರೇಡಿಯೋದಿಂದ ಹಿಡಿದದ್ದು, ಗೊರಗೊರ ಶಬ್ದದೊಂದಿಗೆ. ಅವನ್ನು ಕಾಪಾಡಲು ನಾನೇ ಬೇಕಾ? ಸ್ವೀಡನ್ನಿನ ನಾರ್‌ಶಾಪಿಂಗ್‌ನಲ್ಲಿ ಇದಕ್ಕೇ ಮೀಸಲಾದ, 1973ರಲ್ಲಿ ಶುರುವಾದ ಸಂಗ್ರಹವಿದೆ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 2007ರಲ್ಲೇ ತನ್ನ ಹಾರುವ ತಟ್ಟೆ ಕಡತಗಳನ್ನು ಜನರ ಮುಂದಿಟ್ಟಿತು, ಬ್ರಿಟನ್ ಅದರ ಮರುವರ್ಷದಿಂದ. ಹಾರುವ ತಟ್ಟೆ ವರದಿಗಳ ಬಗ್ಗೆ ಅಮೆರಿಕದ ವಾಯುಪಡೆ ನಡೆಸಿದ ತನಿಖೆ, ಪ್ರಾಜೆಕ್ಟ್ ಬ್ಲೂ ಬುಕ್, 1969ರಲ್ಲಿ ಮುಚ್ಚುವ ಹೊತ್ತಿಗೆ 12,618 ವರದಿ ಸೇರಿದ್ದವು. ಅವುಗಳಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ. ಆ ರಾಶಿಗೆ ನಮ್ಮ ಸೈನೈಡ್ ದಿಬ್ಬದ್ದೊಂದು ಸೇರಿದರೆ ಏನಾಗುತ್ತದೆ?

ಸೇರಿಸಲೂ ಆಗುವುದಿಲ್ಲ, ಅದು ಬೇರೆ ವಿಷಯ. ರೆಂಡಲ್‌ಶಮ್ ಟೇಪಿನಿಂದ ಉತ್ತರ ಸಿಕ್ಕಿದ್ದು ಜಾಗ, ದಿಕ್ಕು, ಹೊತ್ತು ಗೊತ್ತಿದ್ದರಿಂದ. 2012ರಲ್ಲಿ ಲಡಾಖ್‌ನಲ್ಲಿ ಸೈನಿಕರು ಕಂಡ ಬೆಳಕುಗಳು ಗುರು, ಶುಕ್ರ ಗ್ರಹಗಳು ಎಂದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೇಳಿದ್ದೂ ಆಕಾಶದಲ್ಲಿ ಯಾವಾಗ, ಎಲ್ಲಿ ಎಂದು ನೋಡಿಯೇ. ಮಾವ ಕ್ಯಾಸೆಟ್ ಮೇಲೆ ಬರೆದಿರುವುದು ‘ಬೆಳಕು 4’. ತಾರೀಕಿಲ್ಲ, ದಿಕ್ಕಿಲ್ಲ. ಕೋಲಾರ್ ಈವೆಂಟ್ಸ್ ಜೊತೆ ಇದನ್ನು ಹೋಲಿಸಿದ್ದು ಅಣ್ಣನ ಧೈರ್ಯ. ಅಲ್ಲಿ ಉಪಕರಣದ ಅಳತೆಗಳಿದ್ದವು. ಇಲ್ಲಿ ಕಾಫಿ ಲೋಟದ ಸದ್ದಿದೆ.

ಆ ಅಜ್ಜಿಯ ವಿಷಯಕ್ಕೆ ಬರೋಣ. ಅಣ್ಣ ಸೈರನ್ ಕೇಳಿಸಿಕೊಂಡ, ಅದರ ಹಿಂದಿನ ಮಾತನ್ನು ಬಿಟ್ಟ. ಅವತ್ತು ರಾತ್ರಿ ಹೊರಗೆ ಯಾಕೆ ಕೂತಿದ್ದೆ ಎಂದು ಅವರು ಹೇಳುತ್ತಾರೆ. ಗಂಡ ಕುಡಿದು ಬಂದು ಬಾಗಿಲು ಹಾಕಿಕೊಂಡಿದ್ದ. ಇದನ್ನು ಅವರು ಮಾವನಿಗೆ ಹೇಳಿದ್ದು, ಲೋಕಕ್ಕಲ್ಲ. ಅವರ ಮೊಮ್ಮಕ್ಕಳು ಇನ್ನೂ ಅದೇ ಬೀದಿಯಲ್ಲಿದ್ದಾರೆ. ನಾಳೆ ಯಾರೋ ಮೂವತ್ತು ಸೆಕೆಂಡು ಕತ್ತರಿಸಿ, ಭಯದ ಮ್ಯೂಸಿಕ್ ಹಾಕಿ, ವಾಟ್ಸಾಪ್‌ನಲ್ಲಿ ಹರಿಬಿಟ್ಟರೆ? ‘ಕೆಜಿಎಫ್‌ನಲ್ಲಿ ಏಲಿಯನ್’ ಅಂತ. ಖಂಡಿತ ಬಿಡುತ್ತಾರೆ.

ಸೈರನ್ ಬೇಕಿದ್ದರೆ ಗಣಿಯವರ ಕ್ಯಾಸೆಟ್‌ಗಳಲ್ಲೇ ಜಾಸ್ತಿ ಇದೆ. ಅವುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಓಡುತ್ತವೆ. ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಯ ಪಾತ್ರೆ ಹೇಗೆ ಅಲುಗುತ್ತಿತ್ತು ಎಂದು ಒಬ್ಬರು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾರೆ. ಇನ್ನೊಬ್ಬರು ಮಾತಿಗಿಂತ ಕೆಮ್ಮುವುದೇ ಹೆಚ್ಚು. ಸಿಲಿಕೋಸಿಸ್ ಇತ್ತು ಅವರಿಗೆ, ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ಇವರ ದನಿ ನಾರ್‌ಶಾಪಿಂಗ್‌ನಲ್ಲಿ ಇಲ್ಲ. ಎಲ್ಲೂ ಇಲ್ಲ, ಈ ಟ್ರಂಕಿನಲ್ಲಿ ಮಾತ್ರ.

ಬೆಲ್ಟ್ ಇನ್ನೂ ಬಂದಿಲ್ಲ. ಬಂದ ಕೂಡಲೇ ‘ನೈಟ್ ಶಿಫ್ಟ್’ ಎಂದು ಬರೆದಿರುವ ಕ್ಯಾಸೆಟ್ ಹಾಕುತ್ತೇನೆ. ‘ಬೆಳಕು 4’ಕ್ಕೆ ಸಾಲಿನ ಕೊನೆಯಲ್ಲಿ ಜಾಗ ಕೊಟ್ಟಿದ್ದೇನೆ, ಅಣ್ಣನಿಗೂ ಅಲ್ಲೇ.